ಖಾಲಿ ಹಡಗು, ಖಾಲಿಯಲ್ಲದ ಕಡಲು

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದು ದುಡಿದು ತಿನ್ನುವವರ ಲೆಕ್ಕ. ಯಾವುದನ್ನೂ ಪೋಲು ಮಾಡಬಾರದು ಎಂಬ ಲೆಕ್ಕ. ಸೈನ್ಯಗಳ ಲೆಕ್ಕ ಬೇರೆ. 2024ರ ಜುಲೈ 19ರಂದು ಅಮೆರಿಕದ ನೌಕಾಪಡೆ ತಾನೇ ಸಾಕಿದ ಇಂಥದೊಂದು ಆನೆಯನ್ನು ಹವಾಯಿ ದ್ವೀಪಗಳಾಚೆ ಹೊಡೆದು ಮುಳುಗಿಸಿತು. ಹೆಸರು ‘ತರಾವಾ’. ಉದ್ದ 820 ಅಡಿ. 1976ರಿಂದ 2009ರವರೆಗೆ ದುಡಿದ ಹಡಗು. ಅದರ ಮೇಲೆ ವಿಮಾನಗಳಿಂದ ಬಾಂಬು, ಕ್ಷಿಪಣಿ ಬಿಟ್ಟರು. ಹದಿನೈದು ಸಾವಿರ ಅಡಿ ಆಳಕ್ಕೆ ಹೋಯಿತು. ರಿಮ್‌ಪ್ಯಾಕ್ ಎಂಬ ಆ ಯುದ್ಧಾಭ್ಯಾಸಕ್ಕೆ 29 ದೇಶಗಳು ಸೇರಿದ್ದವು. ನಮ್ಮ ಐಎನ್‌ಎಸ್ ಶಿವಾಲಿಕ್ ಕೂಡ ಅಲ್ಲಿಗೆ ಹೋಗಿತ್ತು. ನಾವೇನು ಹೊರಗಿನವರಲ್ಲ. 2020ರ ಅಕ್ಟೋಬರಿನಲ್ಲಿ ಐಎನ್‌ಎಸ್ ಪ್ರಬಲ್ ಒಂದು ನಿವೃತ್ತ ಹಡಗನ್ನು ಕ್ಷಿಪಣಿಯಿಂದ ಹೊಡೆದದ್ದನ್ನು ನಮ್ಮ ನೌಕಾಪಡೆಯೇ ಚಿತ್ರ ತೆಗೆದು ಜನಕ್ಕೆ ತೋರಿಸಿತು.

ಇದರಲ್ಲಿ ತಪ್ಪೇನು? ಹಳೇ ಕಬ್ಬಿಣ, ಒಳಗೆ ಒಬ್ಬ ಮನುಷ್ಯನೂ ಇಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಹೀಗೆ ಕೇಳುವವರಿಗೆ ನೇರವಾಗಿ ಉತ್ತರ ಹೇಳಬೇಕು.

ಮೊದಲು ಅವರ ಪರವಾದ ಮಾತನ್ನೇ ನೋಡೋಣ. 2005ರಲ್ಲಿ ‘ಅಮೆರಿಕ’ ಎಂಬ ವಿಮಾನವಾಹಕ ಹಡಗಿನ ಮೇಲೆ ಸುಮಾರು ನಾಲ್ಕು ವಾರ ಸ್ಫೋಟದ ಪರೀಕ್ಷೆ ಮಾಡಿ ಮೇ 14ರಂದು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿದರು. ಅದರಲ್ಲಿ ದುಡಿದ ಹಳೇ ನಾವಿಕರು ಬೇಡ ಬೇಡ ಅಂತ ಬೇಡಿಕೊಂಡರು. ಅವರ ಸಂಕಟ ಸುಳ್ಳಲ್ಲ. ವರ್ಷಗಟ್ಟಲೆ ಉಂಡು ಮಲಗಿದ ಜಾಗ ಅದು. ಆದರೆ ಪೆಟ್ಟು ತಿಂದ ಹಡಗು ಎಲ್ಲಿ ಬಿರಿಯುತ್ತದೆ, ನೀರು ಎಲ್ಲಿಂದ ನುಗ್ಗುತ್ತದೆ ಅಂತ ತಿಳಿದರೆ ಮುಂದಿನ ಹಡಗನ್ನು ಗಟ್ಟಿಯಾಗಿ ಕಟ್ಟಬಹುದು, ನಾಳೆ ಅದರೊಳಗೆ ಇರುವ ಹುಡುಗರು ಉಳಿಯಬಹುದು. ಈ ವಾದವನ್ನು ತಳ್ಳಿಹಾಕಲಾರೆ. ಸೈನ್ಯಕ್ಕೆ ಸೇರುವ ಹುಡುಗರು ಹೆಚ್ಚಾಗಿ ಯಾರ ಮನೆಯಿಂದ ಹೋಗುತ್ತಾರೆ ಎಂದು ನಮಗೆ ಗೊತ್ತು.

ಹಾಗಾದರೆ ನನ್ನ ತಕರಾರು ಎಲ್ಲಿದೆ? ಅವರದೇ ಕಾನೂನಿನಲ್ಲಿದೆ. ಹೀಗೆ ಮುಳುಗಿಸುವ ಹಡಗು ದಡದಿಂದ ಕನಿಷ್ಠ 50 ನಾಟಿಕಲ್ ಮೈಲಿ ದೂರ ಇರಬೇಕು, ನೀರು ಕನಿಷ್ಠ 6,000 ಅಡಿ ಆಳ ಇರಬೇಕು. ಎಣ್ಣೆ ತೆಗೆಯಬೇಕು, ಹಡಗನ್ನು ತೊಳೆಯಬೇಕು. ಸರಿ. ಆದರೆ ಹಳೇ ಹಡಗಿನ ತಂತಿಗಳ ಹೊದಿಕೆಯಲ್ಲಿ, ರಬ್ಬರಿನಲ್ಲಿ, ಬಣ್ಣದಲ್ಲಿ ಪಿಸಿಬಿ ಎಂಬ ವಿಷ ಸೇರಿಕೊಂಡಿರುತ್ತದೆ. ಆ ದೇಶವೇ 1979ರಲ್ಲಿ ಅದರ ತಯಾರಿಕೆಯನ್ನು ನಿಷೇಧಿಸಿತು. ಅದು ಕೊಳೆಯುವುದಿಲ್ಲ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಏರುತ್ತಾ ಹೋಗುತ್ತದೆ. ಈ ವಿಷವನ್ನು ‘ಸಾಧ್ಯವಾದಷ್ಟು’ ತೆಗೆದರೆ ಸಾಕು ಎನ್ನುತ್ತದೆ ಕಾನೂನು. ಇದನ್ನು ಪ್ರಶ್ನಿಸಿ 2011ರಲ್ಲಿ ಅಲ್ಲಿನ ಪರಿಸರ ಸಂಘಟನೆಗಳು ಕೋರ್ಟಿಗೂ ಹೋದವು.

ಸಾಧ್ಯವಾದಷ್ಟು! ಈ ಒಂದು ಪದ ನಮಗೆ ಹೊಸದೇ? ಯಾರಿಗೆ ಸಾಧ್ಯವಾದಷ್ಟು ಎಂದು ತೀರ್ಮಾನಿಸುವವನು ಹಡಗಿನ ಒಡೆಯನೇ. ಉಳಿದದ್ದನ್ನು ಹೊರುವವರು ಬೇರೆಯವರು. ಕಣ್ಣಿಗೆ ಕಾಣದಷ್ಟು ದೂರ, ಕೈಗೆ ಸಿಗದಷ್ಟು ಆಳ ಇದ್ದರೆ ಹೊಲಸು ಹೊಲಸೇ ಅಲ್ಲ ಎಂಬ ನ್ಯಾಯ ಇದು. ಊರ ಹೊಲಸನ್ನು ಊರಾಚೆ ಸುರಿದು ಊರು ಶುದ್ಧವಾಯಿತು ಅಂದವರ ನ್ಯಾಯಕ್ಕೂ ಇದಕ್ಕೂ ಏನ್ರೀ ವ್ಯತ್ಯಾಸ?

ಮುಳುಗಿಸಬೇಡಿ, ಒಡೆದು ಗುಜರಿಗೆ ಹಾಕಿ ಅಂದುಬಿಟ್ಟರೆ ನಮ್ಮ ಕೈ ತೊಳೆದಂತಾಗುವುದಿಲ್ಲ. ಗುಜರಾತಿನ ಅಲಂಗ್ ದಡದಲ್ಲಿ 1983ರಿಂದ ಜಗತ್ತಿನ ಹಡಗುಗಳನ್ನು ಒಡೆಯುತ್ತಿದ್ದಾರೆ. ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು ಗ್ಯಾಸಿನ ಬೆಂಕಿಯಲ್ಲಿ ಆ ಕಬ್ಬಿಣ ಕತ್ತರಿಸುತ್ತಾರೆ. ಮೇಲಿಂದ ಹಲಗೆ ಬಿದ್ದು ಸತ್ತವರಿದ್ದಾರೆ, ಬೆಂಕಿ ಹತ್ತಿ ಸತ್ತವರಿದ್ದಾರೆ, ಕಲ್ನಾರಿನ ದೂಳು ಕುಡಿದು ಎದೆ ಕೆಡಿಸಿಕೊಂಡವರಿದ್ದಾರೆ. ಅಂದರೆ ಯುದ್ಧದ ಹೆಣ ಒಂದೋ ಮಾತಾಡಲಾರದ ಕಡಲಿನ ಮೇಲೆ ಬೀಳಬೇಕು, ಇಲ್ಲಾ ಮಾತಾಡಿದರೆ ಕೂಲಿ ತಪ್ಪುವ ಮನುಷ್ಯನ ಮೇಲೆ ಬೀಳಬೇಕು. ಕಟ್ಟಿಸಿದವನ ಅಂಗಳಕ್ಕೆ ಮಾತ್ರ ಅದು ಬರುವುದೇ ಇಲ್ಲ.

‘ಖಾಲಿ ಹಡಗು’ ಅನ್ನುವ ಮಾತಿಗೂ ಒಂದು ಚರಿತ್ರೆ ಇದೆ. 1946ರಲ್ಲಿ ಬಿಕಿನಿ ಹವಳದ್ವೀಪದಲ್ಲಿ ತೊಂಬತ್ತಕ್ಕೂ ಹೆಚ್ಚು ಹಡಗುಗಳನ್ನು ನಿಲ್ಲಿಸಿ ಅಣುಬಾಂಬು ಸಿಡಿಸಿದರು. ಹಡಗುಗಳಲ್ಲಿ ಜನ ಇರಲಿಲ್ಲ. ಹಂದಿ, ಮೇಕೆ, ಇಲಿಗಳಿದ್ದವು. ದ್ವೀಪದಲ್ಲಿ ಮಾತ್ರ 167 ಜನ ಇದ್ದರು. ಮನುಕುಲದ ಒಳಿತಿಗಾಗಿ ಜಾಗ ಬಿಡಿ ಅಂತ ಅವರಿಗೆ ದೇವರ ಹೆಸರೆತ್ತಿ ಹೇಳಿದರು. ಹೊಸ ಜಾಗದಲ್ಲಿ ಅವರು ಹಸಿವಿನಿಂದ ನರಳಿದರು. ಸ್ಫೋಟದ ಮೇಲೆ ವಿಷ ಕುಡಿದು ನಿಂತ ಹಡಗುಗಳನ್ನು ಉಜ್ಜಲು ಸಾಮಾನ್ಯ ನಾವಿಕರ ಕೈಗೆ ಸೋಪು, ಬ್ರಷ್ಷು ಕೊಟ್ಟರು. ಬಿಕಿನಿಯವರು ಇವತ್ತಿಗೂ ತಮ್ಮ ನೆಲದಲ್ಲಿ ನೆಲೆಸಲು ಆಗಿಲ್ಲ. ಮನುಕುಲದ ಲೆಕ್ಕದಲ್ಲಿ ಅವರು ಸೇರಿದ್ದರೋ ಇಲ್ಲವೋ?

ಇನ್ನು ‘ತರಾವಾ’ ಎಂಬ ಹೆಸರು. ಅದೂ ಪೆಸಿಫಿಕ್ಕಿನ ಒಂದು ಹವಳದ್ವೀಪ. 1943ರ ನವೆಂಬರಿನಲ್ಲಿ ಮೂರೇ ದಿನದ ಕಾಳಗದಲ್ಲಿ ಸಾವಿರಾರು ಜನ ಅಲ್ಲಿ ಸತ್ತರು. ಅಮೆರಿಕದವರು ತಮ್ಮ ವೀರರನ್ನು ನೆನೆದು ಹಡಗಿಗೆ ಆ ಹೆಸರಿಟ್ಟರು. ಜಪಾನಿನವರು ಹಿಡಿದು ತಂದು ದುಡಿಸಿಕೊಂಡಿದ್ದ ಸಾವಿರಕ್ಕೂ ಹೆಚ್ಚು ಕೊರಿಯಾದ ಕೂಲಿಗಳೂ ಅಲ್ಲಿದ್ದರು. ಬಹುಪಾಲು ಅಲ್ಲೇ ಸತ್ತರು. ಅವರ ಹೆಸರಿನ ಹಡಗು ಯಾವ ದೇಶದಲ್ಲಿದೆ? ಈಗ ಆ ದ್ವೀಪ ಕಿರಿಬಾಟಿ ದೇಶದ ರಾಜಧಾನಿ. ನೆಲ ಸಮುದ್ರಕ್ಕಿಂತ ಎರಡು ಮೂರು ಮೀಟರ್ ಎತ್ತರ, ಅಷ್ಟೆ. ಕಡಲು ಏರುತ್ತಿದೆ, ಬಾವಿಗೆ ಉಪ್ಪುನೀರು ಬರುತ್ತಿದೆ. ಹೆಸರಿನ ಹಡಗನ್ನು ಅವರು ಬೇಕೆಂದೇ ಮುಳುಗಿಸಿದರು. ಊರು ಬೇರೆಯವರ ಹೊಗೆಗೆ ಮುಳುಗುತ್ತಿದೆ.

ಕೊನೆಗೆ, ಅಭ್ಯಾಸ ಯಾವುದರ ಅಭ್ಯಾಸ ಅಂತಲೂ ಕೇಳಬೇಕಲ್ಲ? 1982ರ ಮೇ 2ರಂದು ಅರ್ಜೆಂಟೀನದ ‘ಬೆಲ್ಗ್ರಾನೊ’ ಹಡಗನ್ನು ಬ್ರಿಟಿಷರು ಹೊಡೆದಾಗ ಅದು ಖಾಲಿ ಇರಲಿಲ್ಲ. 323 ಜನ ಸತ್ತರು. ಖಾಲಿ ಹಡಗಿನ ಮೇಲೆ ಕಲಿತ ಕೈ ನಾಳೆ ತುಂಬಿದ ಹಡಗಿನ ಮೇಲೆ ಹೋಗುತ್ತದೆ. ಅಲ್ಲಿಯೂ ಒಳಗಿರುವವರು ಬಡವರ ಮಕ್ಕಳೇ.

ಯುದ್ಧ ನಾಳೆಯೇ ನಿಲ್ಲುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಇಷ್ಟನ್ನಾದರೂ ಕೇಳುವ ಹಕ್ಕು ನಮಗಿದೆ, ನಮ್ಮ ಸರ್ಕಾರವನ್ನೂ ಸೇರಿಸಿ. ಹಡಗು ಕಟ್ಟುವ ದಿನವೇ ಅದರ ಹೆಣದ ಖರ್ಚನ್ನೂ ಲೆಕ್ಕಕ್ಕೆ ಬರೆಯಿರಿ. ವಿಷವನ್ನು ‘ಸಾಧ್ಯವಾದಷ್ಟು’ ಅಲ್ಲ, ಪೂರ್ತಿ ತೆಗೆಯಿರಿ. ಒಡೆಯುವುದಾದರೆ ನಿಮ್ಮದೇ ದಡದಲ್ಲಿ, ಒಡೆಯುವವನಿಗೆ ನ್ಯಾಯವಾದ ಕೂಲಿ ಕೊಟ್ಟು, ಅವನ ಜೀವಕ್ಕೆ ರಕ್ಷಣೆ ಕೊಟ್ಟು ಒಡೆಯಿರಿ. ಮುಳುಗಿಸಿಯೇ ತೀರುತ್ತೇವೆ ಅನ್ನುವುದಾದರೆ ಆ ಕಡಲಿನ ಮೀನು ತಿನ್ನುವ ಜನರನ್ನು ಮೊದಲು ಕೇಳಿ ಬನ್ನಿ.