ಅಮಾನತ್ತು ಇಟ್ಟ ದನಿ

ರೋಣದ ಮನೆಯೊಂದರ ಕಬ್ಬಿಣದ ಟ್ರಂಕಿನಿಂದ ಹೊರಬಿದ್ದ ಅರವತ್ತು ನಿಮಿಷದ ಕ್ಯಾಸೆಟ್ಟೊಂದು ಎರಡು ತಿಂಗಳಿಂದ ನಮ್ಮ ಬಳಿ ಇದೆ. ರೀಲಿಗೆ ಬೂಷ್ಟು ಹಿಡಿದಿತ್ತು. ಗದಗಿನ ಹಳೆಯ ರೇಡಿಯೊ ರಿಪೇರಿಯವರೊಬ್ಬರು ಅದನ್ನು ಬಿಚ್ಚಿ, ಒರೆಸಿ, ಬೇರೆ ಡಬ್ಬಿಗೆ ಸುತ್ತಿಕೊಟ್ಟ ಮೇಲೆ ದನಿ ಬಂತು.

ಹಾಡಿದವರು ಆ ಮನೆಯ ಯಜಮಾನರು. ಈಗಿಲ್ಲ. ಹೊಟ್ಟೆಪಾಡಿಗೆ ದರ್ಜಿ, ಮೊಹರಂ ಬಂತೆಂದರೆ ರಿವಾಯತ್ ಪದಗಳ ಮೇಳದಲ್ಲಿ ಮುಂದಿನ ದನಿ. 1984ರಲ್ಲಿ ಕುವೈತಿಗೆ ಹೋದರು. ಅಲ್ಲಿ ಒಂದು ಶುಕ್ರವಾರ ನಮ್ಮ ಕಡೆಯ ಏಳೆಂಟು ಮಂದಿ ಒಂದು ಕೋಣೆಯಲ್ಲಿ ಸೇರಿದಾಗ ಅವರು ಹಾಡಿದರು, ಯಾರೋ ಟೇಪು ಮಾಡಿದರು. ಊರು ಬಿಟ್ಟ ಮೇಲಿನ ಅವರ ಮೊದಲ ಹಾಡಿಕೆ ಅದು. ತಾಳಕ್ಕೆ ಯಾರೋ ಡಬ್ಬಿ ಬಡಿಯುತ್ತಿದ್ದಾರೆ, ನಡುವೆ ಕುಕ್ಕರಿನ ಸೀಟಿ ಕೇಳುತ್ತದೆ. ಮೂರನೆಯ ಪದದ ಹೊತ್ತಿಗೆ ದನಿ ಒಡೆಯುತ್ತದೆ. ಆಮೇಲೆ ಕೋಣೆಯ ಗೆಳೆಯರಿಗಷ್ಟೇ ಹೇಳಿದ ಕೆಲವು ಮಾತುಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟನ್ನು ಬರೆಯಲು ಮನೆಯವರನ್ನು ಕೇಳಿಯೇ ಕೂತಿದ್ದೇವೆ.

ಕ್ಯಾಸೆಟ್ಟು ಊರಿಗೆ ಬಂದದ್ದು ಕಾಗದದ ಬದಲು. ಫೋನು ದುಬಾರಿಯಾಗಿದ್ದ, ಮನೆಯಲ್ಲಿ ಓದು ಬಾರದಿದ್ದ ಕಾಲದಲ್ಲಿ ಗಲ್ಫಿಗೆ ಹೋದ ಎಷ್ಟೋ ಮಂದಿ ಹೀಗೆ ದನಿಯನ್ನೇ ಕಳಿಸುತ್ತಿದ್ದರು. ಈಗ ಮಕ್ಕಳಲ್ಲಿ ತಕರಾರು ಬಂದಿದೆ. ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟಿರುವ ಮಗ, "ಅಬ್ಬಾನ ದನಿ ಟ್ರಂಕಿನ್ಯಾಗ ಸಾಯಬೇಕೇನ್ರಿ? ಈ ಮೊಹರಮ್ಮಿಗೆ ಎಲ್ಲಾರ ಫೋನಿಗೂ ಹಾಕೂನು" ಎನ್ನುತ್ತಾರೆ. ನರಗುಂದಕ್ಕೆ ಕೊಟ್ಟ ಮಗಳು, "ಅದು ಅಮ್ಮಿಗೆ ಬರದ ಕಾಗದರೀ. ಒಬ್ಬರ ಕಾಗದ ಊರ ಮಂದಿ ಓದತಾರೇನು?" ಎನ್ನುತ್ತಾರೆ. ಇಬ್ಬರೂ ನಮ್ಮನ್ನು ಕೇಳಿದರು. ಪತ್ರಿಕೆ ಮಾಡುವವರಿಗೆ ಇಂಥದ್ದು ಗೊತ್ತಿರುತ್ತದೆ ಎಂಬ ನಂಬಿಕೆ ಊರುಗಳಲ್ಲಿ ಇನ್ನೂ ಉಳಿದಿದೆ!

ಇದೇ ಪ್ರಶ್ನೆ ಬಹಳ ದೊಡ್ಡ ಹೆಸರಿನವರ ವಿಷಯದಲ್ಲಿ ಲಂಡನ್ನಿನ ಕೋರ್ಟಿಗೂ ಹೋಗಿತ್ತು. ಇಂಗ್ಲೆಂಡಿನ ಲಿವರ್‌ಪೂಲಿನ ಬೀಟಲ್ಸ್ ತಂಡದ ಹುಡುಗರು ಲೋಕಪ್ರಸಿದ್ಧರಾಗುವ ಮೊದಲು, 1960ರಿಂದ 1962ರ ನಡುವೆ ಐದು ಬಾರಿ ಜರ್ಮನಿಯ ಹ್ಯಾಂಬರ್ಗ್ ಬಂದರಿಗೆ ಹೋಗಿ ಕುಡುಕರ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ಹಾಡಿದರು. 1962ರ ಡಿಸೆಂಬರಿನ ಕೊನೆಯಲ್ಲಿ ಸ್ಟಾರ್ ಕ್ಲಬ್ಬಿನಲ್ಲಿ ಅವರು ಹಾಡಿದ್ದನ್ನು ಸಾಧಾರಣ ಮನೆಬಳಕೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದರು. ಟೇಪು ಉಳಿದದ್ದು ಅವರ ಸಂಗಾತಿ ಗಾಯಕ ಟೆಡ್ ಟೇಲರ್ ಬಳಿ. ಹದಿನೈದು ವರ್ಷದ ಮೇಲೆ, 1977ರಲ್ಲಿ, ಅದು ಎರಡು ರೆಕಾರ್ಡುಗಳ ಆಲ್ಬಮ್ಮಾಗಿ ಮಾರುಕಟ್ಟೆಗೆ ಬಂತು. ಬೀಟಲ್ಸ್ ಕಡೆಯವರು ತಡೆಯಲು ನೋಡಿದರು, ಆಗಲಿಲ್ಲ. ಕೊನೆಗೆ 1998ರಲ್ಲಿ ಜಾರ್ಜ್ ಹ್ಯಾರಿಸನ್ ತಾವೇ ಸಾಕ್ಷಿ ನುಡಿದರು, ತೀರ್ಪು ಬೀಟಲ್ಸ್ ಪರವಾಯಿತು. ಟೇಪು ಮಾಡಲು ಜಾನ್ ಲೆನನ್ ಬಾಯಿಮಾತಿನಲ್ಲಿ ಒಪ್ಪಿದ್ದರು, ಬದಲಿಗೆ ಬಿಯರ್ ಕೊಡಿಸಿದ್ದೆ ಎಂದು ಟೇಲರ್ ಹೇಳುತ್ತಿದ್ದರು. ಲೆನನ್ 1980ರಲ್ಲೇ ಕೊಲೆಯಾಗಿದ್ದರು. ಸತ್ತವರ ಹೂಂ ಎಂಬುದನ್ನು ಯಾವ ಕೋರ್ಟು ತೂಗೀತು?

ಆ ಟೇಪಿನಲ್ಲಿ ಸ್ವರ ಜಾರುತ್ತದೆ, ಜನರೊಂದಿಗೆ ಒರಟು ಚೇಷ್ಟೆ ನಡೆಯುತ್ತದೆ. ಹ್ಯಾರಿಸನ್ ಅವರ ಬೇಸರ ನಮಗೆ ಅರ್ಥವಾಗುತ್ತದೆ. ಆದರೂ ಅವರೊಂದಿಗೆ ಪೂರ್ತಿ ಒಪ್ಪುವುದು ಕಷ್ಟ. ದುಡ್ಡು ಕೊಟ್ಟು ಒಳಬಂದ ನೂರಾರು ಮಂದಿಯ ಮುಂದೆ ಹಾಡಿದ್ದು ಆ ಸಂಜೆಯೇ ಊರ ಸೊತ್ತಾಗಿತ್ತು. ದೊಡ್ಡವರಾದ ಮೇಲೆ ಚಿಕ್ಕವರಾಗಿದ್ದಾಗಿನ ತಪ್ಪುಗಳನ್ನು ಮುಚ್ಚಿಡುವ ಆಸೆ ಸಹಜ, ಆದರೆ ಅದು ಹಕ್ಕಾಗುವುದಿಲ್ಲ. ಟೇಪನ್ನು ಇನ್ನೊಬ್ಬರು ಮಾರಿ ದುಡ್ಡು ಮಾಡಿದ್ದು ಬೇರೆ ಮಾತು. ಅಲ್ಲಿ ತೀರ್ಪು ಸರಿ.

ಮಗನ ವಾದದ ಪರವಾಗಿ ರೋಣದ ಮಣ್ಣೇ ಒಂದು ಸಾಕ್ಷಿ ಹೇಳುತ್ತದೆ. ಭೀಮಸೇನ ಜೋಶಿ ಹುಟ್ಟಿದ್ದು ಇಲ್ಲಿ, 1922ರ ಫೆಬ್ರವರಿ 4ರಂದು. ಬೆಳೆದದ್ದು ಗದಗಿನಲ್ಲಿ. ಅಂಗಡಿಯ ಗ್ರಾಮಫೋನಿನಲ್ಲಿ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿ ಹುಡುಗನಿಗೆ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ. ಉತ್ತರವನ್ನೆಲ್ಲ ಸುತ್ತಿ ಬಂದು ಕೊನೆಗೆ ಗುರು ಸಿಕ್ಕಿದ್ದು ಕೈಗೆಟುಕುವ ಕುಂದಗೋಳದಲ್ಲಿ, ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಮನೆಯಲ್ಲಿ. ಖಾನ್‌ಸಾಹೇಬರು ರೆಕಾರ್ಡು ಕೊಡುವುದಿಲ್ಲ ಎಂದಿದ್ದರೆ? ಆ ಕಾಲದ ಎಷ್ಟೋ ಉಸ್ತಾದರು ಹಾಗೆಯೇ ಅಂದರು, ವಿದ್ಯೆ ಕಳುವಾಗುತ್ತದೆ ಎಂದು ಹೆದರಿದರು. ಅವರ ಹಾಡು ಅವರೊಂದಿಗೇ ಮಣ್ಣಾಯಿತು. ದನಿಯನ್ನು ಮುಚ್ಚಿಟ್ಟರೆ ಯಾವ ಊರಿನ ಯಾವ ಹುಡುಗನಿಗೆ ನಷ್ಟವಾಯಿತೆಂದು ಲೆಕ್ಕವೂ ಸಿಗುವುದಿಲ್ಲ.

ಆದರೆ ಖಾನ್‌ಸಾಹೇಬರು ಗೊತ್ತಿದ್ದೇ ಆ ಯಂತ್ರದ ಮುಂದೆ ಕೂತಿದ್ದರು. ಮೂರು ಮೂರೂವರೆ ನಿಮಿಷದ ತಟ್ಟೆಗೆ ತಕ್ಕಂತೆ ಹಾಡನ್ನು ಕತ್ತರಿಸಿ, ಎಂದೂ ಕಾಣದ ಕೇಳುಗನಿಗೆಂದೇ ಹಾಡಿದ್ದರು. ಅವರ ಗಂಟೆಗಟ್ಟಲೆಯ ಬೈಠಕ್ಕನ್ನು ಯಾರೋ ಕದ್ದು ಹಿಡಿದ ಟೇಪು ನಾಳೆ ಮೀರಜಿನಲ್ಲಿ ಸಿಕ್ಕಿತೆಂದರೆ? ನಾವು ಓಡಿಹೋಗಿ ಕೇಳುತ್ತೇವೆ, ಸುಳ್ಳೇಕೆ ಹೇಳಬೇಕು. ಕೇಳುವ ಆಸೆ ಬೇರೆ, ಹಂಚುವ ಹಕ್ಕು ಬೇರೆ ಎಂದು ಆ ಹೊತ್ತಿನಲ್ಲಿ ನೆನಪಾಗುತ್ತದೆಯೇ ಎಂಬುದೇ ಅನುಮಾನ.

ಬಾಲಕ ಭೀಮಸೇನರ ಇನ್ನೊಂದು ಕತೆಯನ್ನು ಗದಗಿನಲ್ಲಿ ಹೇಳುತ್ತಾರೆ. ಭಜನೆಯ, ವಾದ್ಯದ ದನಿ ಬೆನ್ನು ಹತ್ತಿ ಹೋಗಿ ಎಲ್ಲೋ ಮಲಗಿಬಿಡುತ್ತಿದ್ದ ಮಗನ ಅಂಗಿಯ ಮೇಲೆ ತಂದೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದ್ದರಂತೆ. ಸಿಕ್ಕವರು ಮನೆಗೆ ತಲುಪಿಸಲಿ ಎಂದು. ನಮ್ಮ ಕೈಗೆ ಬಂದ ಕ್ಯಾಸೆಟ್ಟಿನ ಮೇಲೂ ಒಂದು ಹೆಸರಿದೆ. ಹಾಡಿದವರದಲ್ಲ, ಹೆಂಡತಿಯದು. ನೀಲಿ ಮಸಿಯಲ್ಲಿ, ಉರ್ದು ಅಕ್ಷರದಲ್ಲಿ.

ಕಾಯ್ದೆ ಏನನ್ನುತ್ತದೆ ಎಂದೂ ನೋಡಿದೆವು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ಹಾಡುಗಾರನ ಹಕ್ಕು ಸೇರಿದ್ದೇ 1994ರ ತಿದ್ದುಪಡಿಯಲ್ಲಿ. ಈಗ ಅದರ ಅವಧಿ ಐವತ್ತು ವರ್ಷ. 2012ರಲ್ಲಿ, ತನ್ನ ಹಾಡನ್ನು ಹೆಸರು ಕೆಡುವಂತೆ ತಿರುಚಬಾರದೆಂಬ ಹಕ್ಕೂ ಬಂತು. ಸ್ವಂತ ಬಳಕೆಗೆ ಟೇಪು ಮಾಡಿಕೊಂಡರೆ ತಪ್ಪಿಲ್ಲ. ಆದರೆ ಇವೆಲ್ಲ ಹಾಡನ್ನು ಯಾರು ಮಾರಬಹುದು, ಯಾರು ಕೆಡಿಸಬಾರದು ಎಂದು ಹೇಳುತ್ತವೆಯೇ ಹೊರತು, ಹಾಡಿನ ನಡುವೆ ಅತ್ತದ್ದು ಯಾರದು ಎಂದು ಹೇಳುವುದಿಲ್ಲ.

ಅಮಾನತ್ತು ಎಂಬ ಮಾತು ಅರಬ್ಬಿಯಿಂದ ಹೊರಟು ನಮ್ಮ ಕಚೇರಿಗಳ ಕನ್ನಡಕ್ಕೆ ಬಂದು ಎರಡು ಅರ್ಥ ಕಟ್ಟಿಕೊಂಡಿದೆ. ನಂಬಿ ಒಪ್ಪಿಸಿದ ಸೊತ್ತು ಎಂಬುದು ಒಂದು. ನೌಕರಿಯಿಂದ ತಾತ್ಕಾಲಿಕವಾಗಿ ತಡೆದು ನಿಲ್ಲಿಸುವುದು ಎಂಬುದು ಇನ್ನೊಂದು. ಈ ಕ್ಯಾಸೆಟ್ಟಿಗೆ ಎರಡೂ ಹೊಂದುತ್ತವೆ ಎಂದು ತೋರಿತು. ಒಡವೆಯನ್ನು ಅಮಾನತ್ತು ಇಟ್ಟುಕೊಂಡವರು ಅದನ್ನು ಜೋಪಾನ ಮಾಡಬೇಕು, ತುಕ್ಕು ಹಿಡಿಯಲು ಬಿಡಬಾರದು. ಆದರೆ ಮದುವೆಗೆ ತಾವೇ ಹಾಕಿಕೊಂಡು ಹೋಗಬಾರದು. ಸ್ವರ ತಪ್ಪಿದ್ದನ್ನು ಊರಿಗೆ ಕೇಳಿಸಿದರೆ ಸತ್ತವರ ಮಾನ ಹೋಗುವುದಿಲ್ಲ. ರಿವಾಯತ್ ಕಲಿಯುವ ಹುಡುಗರಿಗೆ ಆ ತಪ್ಪೂ ಪಾಠವೇ. ನಂಬಿ ಆಡಿದ ಮಾತಿನ ವಿಷಯ ಹಾಗಲ್ಲ. ಸತ್ತವರು ನಾಚಲಾರರು ನಿಜ, ಆದರೆ ಬದುಕಿರುವ ಹೆಂಡತಿ ಇದ್ದಾರೆ, ಆ ಮಾತಿನಲ್ಲಿ ಹೆಸರು ಬಂದವರ ಮೊಮ್ಮಕ್ಕಳು ಅದೇ ಓಣಿಯಲ್ಲಿದ್ದಾರೆ.

ಫೋನಿಗೆ ಹಾಕಿದ್ದು ಮರಳಿ ಬರುವುದಿಲ್ಲ ಎಂಬ ಭಯವೂ ಇದೆ. ಮೂವತ್ತು ನಿಮಿಷದ ಹಾಡಿನಲ್ಲಿ ಮಂದಿ ಮುಂದೆ ಕಳಿಸುವುದು ಆ ಅರ್ಧ ನಿಮಿಷದ ಅಳುವನ್ನೇ. ಅದಕ್ಕೂ ಮುಂದಿನದನ್ನು ನಾವು ನೋಡಿದ್ದೇವೆ. ಲೆನನ್ ಮನೆಯಲ್ಲಿ ಪಿಯಾನೊ ಬಾರಿಸಿಕೊಂಡು ಹಾಡಿದ ಒಂದು ಕ್ಯಾಸೆಟ್ಟಿನಿಂದ ದನಿಯನ್ನಷ್ಟೇ ಯಂತ್ರದಿಂದ ಬಿಡಿಸಿ 2023ರಲ್ಲಿ ಹೊಸ ಬೀಟಲ್ಸ್ ಹಾಡು ಹೊರತಂದರು. ಅಲ್ಲಿ ಕ್ಯಾಸೆಟ್ಟು ಕೊಟ್ಟವರು ಅವರ ಹೆಂಡತಿ ಯೋಕೊ ಓನೊ. ಕೊಡಬೇಕಾದವರೇ ಕೊಟ್ಟರು, ಆದ್ದರಿಂದ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆಗೆ ಉತ್ತರ ಹೇಳಬೇಕಾದವರೂ ರೋಣದಲ್ಲೇ ಇದ್ದರು. ಮಕ್ಕಳಿಬ್ಬರೂ ಎಲ್ಲರನ್ನೂ ಕೇಳಿದ್ದರು, ಅವರೊಬ್ಬರನ್ನು ಬಿಟ್ಟು!

ಕಳೆದ ತಿಂಗಳು ಮೂವರನ್ನೂ ಕೂಡಿಸಿಕೊಂಡು ಆ ಮನೆಯ ಪಡಸಾಲೆಯಲ್ಲಿ ಕೂತೆವು. ಅಮ್ಮಿ ಪೂರ್ತಿ ಕೇಳಿದರು. ಕುಕ್ಕರಿನ ಸೀಟಿ ಬಂದಾಗ ನಕ್ಕರು. "ಅವರಿಗೆ ಅಡಗಿ ಮಾಡಾಕ ಬರತಿದ್ದಿಲ್ರಿ" ಎಂದರು. ಮುಗಿದ ಮೇಲೆ ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತ ಸುಮ್ಮನಿದ್ದು, "ಹಾಡಿದ್ದು ಮಂದಿಗೆ ಕೊಡ್ರಿ. ಅತ್ತದ್ದು ನನಗ ಇರಲಿ" ಎಂದರು. ಮಗನೂ ಒಪ್ಪಿದ, ಮಗಳೂ ಒಪ್ಪಿದಳು.

ಅಂದಿನಿಂದ ಕಂಪ್ಯೂಟರಿನಲ್ಲಿ ಹಾಕಿಕೊಂಡು ಕೇಳುತ್ತಿದ್ದೇವೆ. ಕೊನೆಯಲ್ಲಿನ ಮಾತುಗಳನ್ನು ಕತ್ತರಿಸುವುದು ಸುಲಭ. ಮೂರನೆಯ ಪದವನ್ನು ಎಲ್ಲಿಗೆ ನಿಲ್ಲಿಸಬೇಕೆಂದು ಮಾತ್ರ ಇನ್ನೂ ತಿಳಿಯುತ್ತಿಲ್ಲ. ದನಿ ನಡುಗುವುದು ಪದದ ಎರಡನೆಯ ನುಡಿಯಲ್ಲೇ ಶುರುವಾಗುತ್ತದೆ, ಹಾಡು ನಿಲ್ಲುವುದು ನಾಲ್ಕನೆಯದರಲ್ಲಿ.