ಇಂದಿನ ಧಮ್ಮ ಚಿಂತನೆ: ಸೆರೆಮನೆಯೊಳಗೆ ಹೋಗಿ ನೋಡುವವರು

 



ಸಂಯುತ್ತ ನಿಕಾಯದ ಬಂಧನ ಸುತ್ತದಲ್ಲಿ ಒಂದು ಪ್ರಸಂಗವಿದೆ. ಕೋಸಲದ ರಾಜ ಪಸೇನದಿ ಬಹಳ ಜನರನ್ನು ಕಟ್ಟಿಹಾಕಿಸಿದ್ದ. ಕೆಲವರಿಗೆ ಹಗ್ಗ, ಕೆಲವರಿಗೆ ಸರಪಳಿ. ಸಾವತ್ಥಿಗೆ ಭಿಕ್ಷೆಗೆ ಹೋಗಿದ್ದ ಭಿಕ್ಷುಗಳು ಬಂದು ಅದನ್ನು ಭಗವಾನರಿಗೆ ತಿಳಿಸಿದರು. ಆಸೆಯ ಕಟ್ಟು ಕಬ್ಬಿಣದ ಕಟ್ಟಿಗಿಂತ ಬಿಗಿ ಎಂದು ಬುದ್ಧರು ಹೇಳಿದ್ದು ನಮಗೆ ನೆನಪಿರುತ್ತದೆ. ಭಿಕ್ಷುಗಳು ಮಾಡಿದ್ದನ್ನು ಮರೆಯುತ್ತೇವೆ. ಸೆರೆಯಲ್ಲಿದ್ದವರನ್ನು ಕಂಡರು, ಕಂಡದ್ದನ್ನು ಬಂದು ಹೇಳಿದರು.

ಸಾಮ್ರಾಟ ಅಶೋಕರು ಇದನ್ನು ಆಡಳಿತದ ನಿಯಮವನ್ನಾಗಿಯೇ ಮಾಡಿದರು. ಕಾರಣವಿಲ್ಲದೆ ಯಾರೂ ಸೆರೆಯಲ್ಲಿ ನರಳಬಾರದೆಂದು ಧೌಲಿಯ ಶಾಸನದಲ್ಲಿ ನಗರದ ನ್ಯಾಯಾಧಿಕಾರಿಗಳನ್ನು ಎಚ್ಚರಿಸಿದರು. ಸಿಟ್ಟು, ಅಸೂಯೆ, ಅವಸರ, ಸೋಮಾರಿತನ, ದಣಿವು ನ್ಯಾಯವನ್ನು ಕೆಡಿಸುತ್ತವೆ ಎಂದರು. ಇದನ್ನು ಪರಿಶೀಲಿಸಲು ಐದು ವರ್ಷಕ್ಕೊಮ್ಮೆ ಒರಟನಲ್ಲದ ಅಧಿಕಾರಿಯನ್ನು ಕಳಿಸುವುದಾಗಿ ಬರೆಸಿದರು. ಇದೇ ಶಾಸನದ ಪಾಠ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿತು. ಅದನ್ನು ಕೊರೆದಿದ್ದ ಕಲ್ಲು ಕಾಳಿ ವಿಗ್ರಹಕ್ಕೆ ಪೀಠವಾಗಿತ್ತು!

ಇಂದು ಆ ಕೆಲಸ ಜೈಲಿನ ಸಂದರ್ಶಕರ ಮಂಡಳಿಯದು. ಅದರಲ್ಲಿ ಅಧಿಕಾರಿಗಳ ಜೊತೆ ಸರ್ಕಾರ ನೇಮಿಸುವ ಸಾರ್ವಜನಿಕರೂ ಇರುತ್ತಾರೆ. ಅವರು ಕೋಣೆ, ಅಡುಗೆಮನೆ, ಶೌಚಾಲಯ ನೋಡಬಹುದು, ಕೈದಿಗಳನ್ನು ಮಾತನಾಡಿಸಬಹುದು, ಕಂಡದ್ದನ್ನು ಬರೆದಿಡಬಹುದು.

ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಜೈಲುಗಳಲ್ಲಿರುವ ಜಾತಿ ಪದ್ಧತಿಯ ಬಗ್ಗೆ ಬರೆದು ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ತೀರ್ಪು ಬಂತು. ಅಡುಗೆ ಮೇಲ್ಜಾತಿಯವರಿಗೆ, ಗುಡಿಸುವುದು ನಮ್ಮವರಿಗೆ ಎಂದು ಹಂಚಿದ್ದ ಹಲವು ರಾಜ್ಯಗಳ ಜೈಲು ನಿಯಮಗಳು ರದ್ದಾದವು. ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಂ ತೆಗೆಯಬೇಕು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಸಂದರ್ಶಕರ ಮಂಡಳಿ ಸೇರಿ ತಪ್ಪದೆ ತಪಾಸಣೆ ಮಾಡಬೇಕು ಎಂದು ಆದೇಶವಾಯಿತು. ಯಾರೂ ಹೋಗಿ ನೋಡದಿದ್ದರೆ ಈ ತೀರ್ಪು ಕಾಗದದಲ್ಲೇ ಉಳಿಯುತ್ತದೆ.

ಮಡಿಕೇರಿಯ ಜೈಲಿಗೆ ಹೋಗಿಬರುವ ಅರೆ ಕಾನೂನು ಸ್ವಯಂಸೇವಕರಾಗಲು ನಮ್ಮಲ್ಲಿ ಯಾರಿಗೆ ಮನಸ್ಸಿದೆ ಎಂದು ನಾನು ಕೇಳಿದಾಗ ಅಕ್ಕ ಒಬ್ಬರು ಹೇಳಿದರು: "ಅಣ್ಣಾ, ಲೈನ್ ಮನೆಯಿಂದ ಹೊರಬಂದು ಈಗಷ್ಟೇ ನಾಲ್ಕು ಜನರೆದುರು ತಲೆಯೆತ್ತಿದ್ದೇವೆ. ಮತ್ತೆ ಜೈಲು ಬಾಗಿಲಲ್ಲಿ ನಿಲ್ಲಬೇಕಾ?"

ಈ ಮಾತಿನ ಹಿಂದಿರುವ ನೋವು ನನಗೆ ಗೊತ್ತು. ಆದರೂ ಯೋಚಿಸೋಣ. ನಮ್ಮ ದೇಶದ ಜೈಲುಗಳಲ್ಲಿರುವ ಹೆಚ್ಚಿನವರು ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಜಾಮೀನು ಮಂಜೂರಾದರೂ ಹೊಣೆ ನಿಲ್ಲಲು ಪಹಣಿ ಇರುವವರನ್ನು ಕರೆತನ್ನಿ ಎನ್ನುತ್ತಾರೆ. ಕಾಫಿ ತೋಟದ ಲೈನಿನಲ್ಲಿರುವವನಿಗೆ ಪಹಣಿ ಎಲ್ಲಿಂದ ಬರಬೇಕು? ಅವನ ನೆಂಟರಿಗೂ ಇಲ್ಲ. ಅವನು ಒಳಗೇ ಉಳಿಯುತ್ತಾನೆ. ಅವನ ಕಷ್ಟ ಕೇಳಿದ ಕೂಡಲೇ ಅರ್ಥವಾಗುವುದು ಲೈನ್ ಮನೆಯಲ್ಲಿ ಬಾಳಿದ ನಮಗೇ. ಇನ್ನು ತಪ್ಪು ಮಾಡಿದವನೇ ಆದರೂ, ಅಂಗುಲಿಮಾಲನನ್ನು ಭಗವಾನರು ದೂರವಿಡಲಿಲ್ಲ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲಿನ ಕರುಣೆಯೂ ಒಂದು. ಅದರಲ್ಲಿ ಕೈದಿಯನ್ನು ಬಿಟ್ಟಿಲ್ಲ.

ಹೋಗುವವರು ಅಶೋಕರ ಎಚ್ಚರಿಕೆಯನ್ನು ನೆನಪಿಡಬೇಕು. ಅವಸರದಲ್ಲಿ ಸಹಿ ಹಾಕಿ ಬರುವುದು ತಪಾಸಣೆಯಲ್ಲ. ಸಿಬ್ಬಂದಿಯ ಮೇಲೆ ಸಿಟ್ಟು ಹೊತ್ತು ಹೋಗುವುದೂ ಅಲ್ಲ. ಅಡುಗೆ ಯಾರು ಮಾಡುತ್ತಾರೆ, ಕಕ್ಕಸು ಯಾರು ತೊಳೆಯುತ್ತಾರೆ ಎಂದು ತಾಳ್ಮೆಯಿಂದ ಕೇಳಬೇಕು. ಇದ್ದದ್ದನ್ನು ಇದ್ದಂತೆ ಬರೆಯಬೇಕು. ಅದು ಸಮ್ಮಾ ವಾಚಾ.

ಇಂದಿನ ಅಭ್ಯಾಸ: ಮೆತ್ತಾ ಭಾವನೆಗೆ ಕೂತಾಗ ಜೈಲಿನಲ್ಲಿರುವ ಒಬ್ಬರನ್ನು, ಕಾವಲಿನ ಒಬ್ಬರನ್ನು ನೆನೆಯಿರಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100 ಅನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಲೈನ್ ಮನೆಗಳಿಗೂ ತಿಳಿಸಿ. ಸ್ವಯಂಸೇವಕರಾಗಲು ಮನಸ್ಸಿರುವವರು ಭಾನುವಾರದ ವಂದನೆಯ ನಂತರ ನನಗೆ ಹೆಸರು ಕೊಡಿ.

ಸಾಧು, ಸಾಧು, ಸಾಧು.