ವಕೀಲನಿಲ್ಲದ ಫಿರ್ಯಾದಿ

ನ್ಯಾಯಾಸ್ಥಾನದ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಎಲ್ಲರೂ ಒಳಹೋಗಬಲ್ಲರೆಂದು ಹೇಳಬಹುದೆ? ಅಮೆರಿಕದಲ್ಲಿ ಗುರುತರ ಅಪರಾಧದ ಆಪಾದನೆಗೆ ಗುರಿಯಾದ ಬಡವನಿಗೆ ಸರಕಾರವೇ ವಕೀಲನನ್ನು ಕೊಡಬೇಕೆಂದು 1963ರಲ್ಲಿ ತೀರ್ಪಾಯಿತು. ಸೆರೆಯೊಳಗೆ ತನಗಾದ ಅನ್ಯಾಯಕ್ಕಾಗಿ ಅವನೇ ದಾವೆ ಹೂಡುವಾಗ ಮಾತ್ರ ಆ ಹಕ್ಕಿಲ್ಲ.

ಇಲಿನಾಯ್ ಸಂಸ್ಥಾನದ ಹೇನ್ಸ್ ಎಂಬ ವೃದ್ಧ ಬಂದಿ ಸಾಧುವೇನಲ್ಲ. ಜತೆಯವನನ್ನು ಸಲಿಕೆಯಿಂದ ಹೊಡೆದಿದ್ದನು. ಅದಕ್ಕಾಗಿ ಏಕಾಂತದ ಕೋಣೆಗೆ ತಳ್ಳಿದರು. ನೆಲದ ಮೇಲೆ ಮಲಗಿ ಕಾಲಿನ ಹಳೆಯ ಊನ ಉಲ್ಬಣಿಸಿತೆಂದು ಆತ ತಾನೇ ಫಿರ್ಯಾದು ಬರೆದನು. ಕೆಳಗಿನ ನ್ಯಾಯಾಲಯಗಳು ಅದನ್ನು ತಳ್ಳಿಹಾಕಿದವು. ವಕೀಲನಿಲ್ಲದವನ ಬರಹವನ್ನು ವಕೀಲರ ಬರಹದಷ್ಟು ಬಿಗಿಯಾಗಿ ಅಳೆಯಬಾರದೆಂದು ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಹೇಳಿತು. ಇದನ್ನು ದಯೆಯೆಂದು ನಾವು ಎಣಿಸೆವು. ಕಾಗುಣಿತ ತಪ್ಪಿದ ಮಗುವಿನ ಲೆಕ್ಕ ಸರಿಯಿರುವುದುಂಟೆಂದು ಪಾಠಶಾಲೆಯಲ್ಲಿ ದಿನ ಕಳೆಯುವ ನಾವು ಬಲ್ಲೆವು.

ಟೆನೆಸಿಯಲ್ಲಿ ಇತರ ಬಂದಿಗಳಿಗೆ ಅರ್ಜಿ ಬರೆದುಕೊಟ್ಟವನನ್ನೇ ಶಿಕ್ಷಿಸಿದ್ದರು. ಬೇರೆ ನೆರವು ಒದಗಿಸದೆ ಹಾಗೆ ನಿಷೇಧಿಸಬಾರದೆಂದು 1969ರಲ್ಲಿ ತೀರ್ಮಾನವಾಯಿತು.

ಹುರುಳಿಲ್ಲದ ದಾವೆಗಳೂ ಬರುತ್ತವೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಅದಕ್ಕೆಂದು 1996ರಲ್ಲಿ ಮಾಡಿದ ಕಾನೂನನ್ನು ನೋಡಿ: ಬಡವನೂ ಶುಲ್ಕವನ್ನು ಕಂತಿನಲ್ಲಿ ಪೂರ್ತಿ ತೆರಬೇಕು, ದಾವೆಗೆ ಮುನ್ನ ಸೆರೆಮನೆಯೊಳಗೇ ದೂರಿಡಬೇಕು. ಶುಲ್ಕದ ಮಾತು ಹಾಗಿರಲಿ. ಯಾರ ಮೇಲೆ ದೂರೋ ಅವರ ಮನೆಗೇ ಮೊದಲು ಕಾಗದ ಒಯ್ಯಬೇಕೆಂಬುದು ನಮಗೆ ಸರಿತೋರದು. ಅಲ್ಲಿನ ಗಡುವು ತಪ್ಪಿದರೆ ದಾವೆಯೂ ನಿಲ್ಲದೆಂದು 2006ರಲ್ಲಿ ತೀರ್ಪಾಗಿದೆ. ಗಡುವನ್ನು ಗೊತ್ತುಮಾಡುವವರು ಸೆರೆಮನೆಯವರು. ಏಕಾಂತದ ಕೋಣೆಗೆ ಕಾಗದ, ಲೇಖನಿ ಎಂದು ತಲುಪಬೇಕೆಂಬುದೂ ಅವರ ಕೈಯಲ್ಲೇ ಇದೆಯಲ್ಲವೆ?